ನಾರ್ಬ್ ಕಟ್ಟಿದ ಎಂಜಿನ್

ಮೇ 11, ಮಂಗಳವಾರ. ಸಂಜೆ 6.

ಮೇನ್ ಬೇರಿಂಗ್ ಒಂದು — ಸಂದು ಇಂಚಿನ ಸಾವಿರದಲ್ಲಿ ಎರಡೂವರೆ ಪಾಲು. ಎರಡು — ಅಷ್ಟೇ. ಮೂರು — ಎರಡು ಪಾಲು. ನಾಲ್ಕು — ಎರಡೂವರೆ. ಐದನೆಯದು ಅಳೆಯುವಷ್ಟರಲ್ಲಿ ನಾರ್ಬ್ ಅಂಗಡಿ ಮುಚ್ಚಿ ಬಂದ. ಗ್ಯಾರೇಜಿನ ಫ್ರಿಜ್ಜಿನಿಂದ ಬಿಯರ್ ತೆಗೆದುಕೊಂಡು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಇದೇನೇ ಇದು ಹಸಿರು ದಾರ?"

"ದಾರ ಅಲ್ಲ, ಮೇಣ. ಎಷ್ಟು ಚಪ್ಪಟೆ ಆಗತ್ತೆ ಅಂತ ನೋಡಿ ಸಂದು ಅಳೆಯೋದು."

"ಓಹೋ."

ಮದುವೆಯಾದಾಗಿನಿಂದ ಇದು ಎಂಟನೆಯ ಸಲ ಹೇಳುತ್ತಿರುವುದು. ಪ್ರತಿ ಸಲವೂ ಓಹೋ ಎನ್ನುತ್ತಾನೆ, ಪ್ರತಿ ಸಲವೂ ಮನಃಪೂರ್ವಕವಾಗಿ.

ಐದು — ಎರಡು ಪಾಲು. ಚೆನ್ನಾಗಿದೆ.

ಈ ಪುಸ್ತಕ ಎಂಜಿನ್ನಿನದು, ಅಳತೆ ಬರೆಯಲು ಇಟ್ಟದ್ದು. ನಡುವೆ ಬೇರೆಯದೂ ನುಸುಳುತ್ತದೆ, ಏನು ಮಾಡಲಿ. ನನ್ನನ್ನು ಬಿಟ್ಟು ಓದುವವರಿಲ್ಲ. ನಾರ್ಬ್ ಕೈಗೆತ್ತಿಕೊಂಡರೂ ಎರಡನೆಯ ಸಾಲಿಗೆ ಆಕಳಿಸುತ್ತಾನೆ.

ಮೇ 14, ಶುಕ್ರವಾರ.

ಆರು ಪಿಸ್ಟನ್ ಇಳಿಸಿದೆ. ಎರಡು ಬಾಕಿ. ಬೆನ್ನು ಸಾಕು ಎನ್ನುತ್ತಿದೆ. ಮೂವತ್ತು ವರ್ಷ ಎಂಜಿನ್ ಫ್ಯಾಕ್ಟರಿಯ ಲೈನಿನಲ್ಲಿ ನಿಂತ ಬೆನ್ನು. ಚಳಿಗಾಲದಲ್ಲಿ ರಿಟೈರ್ ಆದೆ. ಕೇಕು, ಗೋಡೆ ಗಡಿಯಾರ, ಅಳು. ಅಲ್ಲಿ ಎಲ್ಲರಿಗೂ ಗೊತ್ತಿತ್ತು ಲಿಯೋನಾ ಗ್ರಬೋವ್ಸ್ಕಿಯ ಕೈ ಎಂಥದ್ದೆಂದು. ವಯಾಂಡಾಟ್ ಊರಿನೊಳಗೆ ಬಂದರೆ ಮಾತ್ರ ನಾನು ಆಲೂಗಡ್ಡೆ ಸಲಾಡಿನ ಲಿಯೋನಾ.

ಹೇಗೆ ಶುರುವಾಯಿತು ಇದು... 1976. ನಮ್ಮ ಕಿತ್ತಳೆ ಬಣ್ಣದ ಪ್ಲೈಮತ್. ಎಪ್ಪತ್ತರ ಮಾಡೆಲ್, ಒಳಗೆ ನಾನೂರ ನಲವತ್ತು ಘನ ಇಂಚಿನ ದೈತ್ಯ ಎಂಜಿನ್, ನೆತ್ತಿಯ ಮೇಲೆ ಸಾಲಾಗಿ ಮೂರು ಕಾರ್ಬುರೇಟರ್. ನಾನು ಪೂರ್ತಿ ಬಿಚ್ಚಿ ಕಟ್ಟಿದ ಮೊದಲ ಎಂಜಿನ್ ಅದು. ಕಾಲು ಮೈಲಿ ರೇಸಿನಲ್ಲಿ ಓಡಿಸಿದವನು ನಾರ್ಬ್. ಡೆಲ್ಮರ್ ಸ್ಕ್ಯಾಗ್ಸ್‌ನ ಕಾರನ್ನು ಮೂರು ಕಾರಿನುದ್ದ ಹಿಂದೆ ಹಾಕಿದ. ಡೆಲ್ಮರ್ ಉರಿದುಕೊಂಡು ಬಂದ.

"ಯಾರಯ್ಯಾ ಕಟ್ಟಿದ್ದು ಇದನ್ನ?"

"ಮನೇಲೇ ಕಟ್ಟಿದ್ದು" ಎಂದ ನಾರ್ಬ್.

ಸುಳ್ಳಲ್ಲ. ಡೆಲ್ಮರ್ ಅವನ ಬೆನ್ನು ತಟ್ಟಿದ. ನಾರ್ಬ್ ನನ್ನ ಕಡೆ ನೋಡಿದ. ನನಗೆ ತಮಾಷೆ ಎನಿಸಿತು, ನಕ್ಕುಬಿಟ್ಟೆ. ಮುಂದಿನ ವರ್ಷ 'ನಾವು ಕಟ್ಟಿದ್ದು' ಎಂದ. ಅದರ ಮುಂದೆ ಯಾವಾಗಲೋ 'ನಾನು' ಎಂದ. ಯಾವ ವರ್ಷ ಎಂದು ನಾನು ಬರೆದಿಟ್ಟುಕೊಂಡಿಲ್ಲ. ಈಗ ಡೆಲ್ಮರ್ ಡೌನ್‌ರಿವರ್ ಬಿಗ್ ಬ್ಲಾಕ್ ಕ್ಲಬ್ಬಿನ, ಅಂದರೆ ಈ ಸೀಮೆಯ ದೊಡ್ಡ ಎಂಜಿನ್ ಕಾರುಗಳವರ ಸಂಘದ, ಅಧ್ಯಕ್ಷ, ನಾರ್ಬ್ ಆ ಕ್ಲಬ್ಬಿನ ದೊಡ್ಡ ತಲೆ. ತಲೆಯೊಳಗೆ ಏನಿದೆ ಎಂದು ನನಗೆ ಗೊತ್ತು.

ಮೇ 20, ಗುರುವಾರ.

ಅಂಗಡಿಯಿಂದ ಚೀಟಿ ಬಂತು. ವಾರಕ್ಕೆರಡು ಬರುತ್ತವೆ. ನಾರ್ಬ್‌ನದು ಕ್ಷೌರದಂಗಡಿ, ಅವನ ಅಪ್ಪನ ಕಾಲದ್ದು. ಕ್ಲಬ್ಬಿನವರು ಕುರ್ಚಿಯಲ್ಲಿ ಕೂತು ತಮ್ಮ ಕಾರಿನ ಕಾಯಿಲೆ ಹೇಳಿಕೊಳ್ಳುತ್ತಾರೆ. ಇವನು ಕತ್ತರಿ ನಿಲ್ಲಿಸಿ, ಹುಬ್ಬು ಗಂಟಿಕ್ಕಿ, "ಯೋಚನೆ ಮಾಡ್ಬೇಕು ಗುರು, ನಾಳೆ ಹೇಳ್ತೀನಿ" ಎನ್ನುತ್ತಾನೆ. ಆ ಯೋಚನೆ ಸಂಜೆ ನನ್ನ ತಟ್ಟೆಯ ಪಕ್ಕಕ್ಕೆ ಬರುತ್ತದೆ.

ಇವತ್ತಿನದು: ಡೆಲ್ಮರ್. ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲ್ಲ. ತಣ್ಣಗಾದರೆ ಆಗುತ್ತೆ.

"ಪೆಟ್ರೋಲ್ ಪೈಪ್ ಎಲ್ಲಿಂದ ಹೋಗ್ತಿದೆ ನೋಡೋಕೆ ಹೇಳು. ಎಗ್ಸಾಸ್ಟ್ ಹತ್ರ ಹೋಗ್ತಿದ್ರೆ ಪೈಪೊಳಗೇ ಕುದಿಯತ್ತೆ. ದೂರ ಸರಿಸ್ಲಿ."

"ಕುದಿಯತ್ತೆ ಅಂತ್ಲೇ ಹೇಳ್ಲಾ?"

"ಇನ್ನೇನು ಹಾಡ್ತೀಯಾ?"

"ಅಲ್ಲ ಕಣೇ, ಅದಕ್ಕೇನಾದ್ರೂ ದೊಡ್ಡ ಹೆಸರು ಇದ್ಯಾ ಅಂತ."

ಒಂದು ಹೆಸರು ಕೊಟ್ಟೆ. ಅಂಗೈ ಮೇಲೆ ಬರೆದುಕೊಂಡ.

ಮೇ 22, ಶನಿವಾರ.

ಡೆಲ್ಮರ್‌ನ ಕಾರು ಸರಿಯಾಯಿತಂತೆ. ಖುಷಿಯಾಗಿ ನಾರ್ಬ್‌ಗೆ ಒಂದು ಜಾಡಿ ಸೌತೆಕಾಯಿ ಉಪ್ಪಿನಕಾಯಿ ಕೊಟ್ಟಿದ್ದಾನೆ, "ನಾನೇ ಹಾಕಿದ್ದು" ಎಂದು. ಹಾಕಿದವಳು ಅವನ ಹೆಂಡತಿ ಆರ್ವೆಲ್ಲಾ. ಆ ಮನೆಯ ಕಥೆಯೂ ನಮ್ಮ ಮನೆಯ ಹಾಗೇ ಇದೆ. ಉಪ್ಪಿನಕಾಯಿ ಚೆನ್ನಾಗಿದೆ.

ಜೂನ್ 5, ಶನಿವಾರ. ಬೆಳಿಗ್ಗೆ 11.

ಕ್ಯಾಮ್ ಇಳಿಸಿದೆ, ವಾಲ್ವುಗಳನ್ನು ಎತ್ತಿ ಇಳಿಸುವ ದಂಡ. ಅದರ ಉಬ್ಬುಗಳಿಗೆಲ್ಲ ಕರಿ ಪೇಸ್ಟ್ ಬಳಿದೆ, ಬ್ರೆಡ್ಡಿಗೆ ಬೆಣ್ಣೆ ಬಳಿದ ಹಾಗೆ. ಹೊಸ ಕ್ಯಾಮ್ ಬದುಕುವುದು ಸಾಯುವುದು ಮೊದಲ ಇಪ್ಪತ್ತು ನಿಮಿಷದಲ್ಲಿ. ಗುಂಡಿ ಒತ್ತಿದ ತಕ್ಷಣ ಎಂಜಿನ್ ಹತ್ತಿಕೊಳ್ಳಬೇಕು, ಇಪ್ಪತ್ತು ನಿಮಿಷ ಎರಡು ಸಾವಿರ ಸುತ್ತಿಗಿಂತ ಕೆಳಗಿಳಿಯದೆ ಓಡಬೇಕು, ನಡುವೆ ನಿಲ್ಲಿಸಬಾರದು. ಹತ್ತಿಕೊಳ್ಳದೆ ಸುಮ್ಮನೆ ಗರ್ ಗರ್ ತಿರುಗಿಸುತ್ತ ಕೂತರೆ ಪೇಸ್ಟ್ ಒರೆಸಿಹೋಗಿ ಉಬ್ಬುಗಳು ಸವೆಯುತ್ತವೆ. ಆಮೇಲೆ ಎಲ್ಲ ಬಿಚ್ಚಬೇಕು, ಮೊದಲಿಂದ.

ಮಧ್ಯಾಹ್ನ ನಾರ್ಬ್‌ಗೆ ಪಾಠ. ವರ್ಷಕ್ಕೊಂದು ಸಲ, ಕ್ಲಬ್ಬಿನ ಪಿಕ್ನಿಕ್ಕಿಗೆ ಮುಂಚೆ, ಮಗ್ಗಿ ಹೇಳಿಸಿದ ಹಾಗೆ.

"ಕಂಪ್ರೆಶನ್?"

"ಹನ್ನೊಂದೂವರೆ."

"ಹತ್ತೂವರೆ."

"ಹನ್ನೊಂದೂವರೆ ಅಂದ್ರೆ ಒಂದು ಗತ್ತು ಇರತ್ತೆ ಕಣೇ."

"ಗತ್ತಿಗೆ ಬಂಕಲ್ಲಿ ಪೆಟ್ರೋಲ್ ಸಿಗಲ್ಲ. ಹತ್ತೂವರೆ ಅಂದ್ರೆ ಏನು, ಹೇಳು ನೋಡೋಣ."

ತುಂಬ ಹೊತ್ತು ಯೋಚಿಸಿ, "ಹತ್ತಕ್ಕಿಂತ ಸ್ವಲ್ಪ ಜಾಸ್ತಿ" ಎಂದ.

ಇವನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ. ಇಬ್ಬರೂ ನಕ್ಕೆವು.

ಜೂನ್ 8, ಮಂಗಳವಾರ.

ಮಾಡಿಕೊಳ್ಳಬಹುದು. ಸಿಟ್ಟು ಮಾಡಿಕೊಳ್ಳಬಹುದು.

ಡೆಲ್ಮರ್‌ನಿಂದ ಪತ್ರ ಬಂತು, ಕ್ಲಬ್ಬಿನ ಮೊಹರು ಸಮೇತ. ನಾರ್ಬ್ ಅದನ್ನು ಮೇಜಿನ ಮೇಲಿಟ್ಟು ಮೀಸೆ ತಿರುವುತ್ತ ನಿಂತ. ಅವನ ಗಿರಿಜಾಮೀಸೆ ಊರಿಗೇ ಪ್ರಸಿದ್ಧ, ಅಂಗಡಿಯ ಬೋರ್ಡಿನಲ್ಲೂ ಅದರದೇ ಚಿತ್ರ. ಅದನ್ನು ಮನೆಯಲ್ಲಿ ತಿರುವುತ್ತಿದ್ದಾನೆಂದರೆ ಏನೋ ಎಡವಟ್ಟು ಮಾಡಿಕೊಂಡಿದ್ದಾನೆ ಎಂದು ಅರ್ಥ.

ಕ್ಲಬ್ಬಿಗೆ ಇಪ್ಪತ್ತೈದು ವರ್ಷ ತುಂಬಿತು. ಈ ತಿಂಗಳು ಇಪ್ಪತ್ತಾರನೇ ತಾರೀಖಿನ ಪಿಕ್ನಿಕ್ಕಿನಲ್ಲಿ ಫಲಕ ಕೊಡುತ್ತಾರಂತೆ. ಡೌನ್‌ರಿವರಿನ ಅತ್ಯುತ್ತಮ ಎಂಜಿನ್ ಕಟ್ಟುಗಾರ ನಾರ್ಬರ್ಟ್ ಗ್ರಬೋವ್ಸ್ಕಿ, ತನ್ನೆರಡೂ ಕೈಗಳಿಂದ... ಹೀಗೆ. ಅದೂ ಸಾಲದೆಂದು ಹೊಸ ಎಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಪಾರ್ಕಿಗೆ ತಂದು, ಎಲ್ಲರೆದುರು ಮೊದಲ ಸಲ ಸ್ಟಾರ್ಟ್ ಮಾಡಿ ತೋರಿಸುತ್ತಾನಂತೆ.

"ಯಾರು ಹೇಳಿದ್ದು ಹಾಗಂತ?"

"ನಾನೇ. ಡೆಲ್ಮರ್‌ಗೆ ಶೇವ್ ಮಾಡ್ತಿದ್ದೆ... ಮಾತಿನ ಭರದಲ್ಲಿ ಬಂದ್ಬಿಡ್ತು."

"ಕೈಯಲ್ಲಿ ಕತ್ತಿ ಇದ್ದಾಗ ಬಾಯಿ ಮುಚ್ಕೊಂಡಿರು ಅಂತ ನಿಮ್ಮಪ್ಪ ಹೇಳ್ಕೊಡ್ಲಿಲ್ವಾ?"

"ಹೇಳ್ಕೊಟ್ಟಿದ್ದ."

"ಬೇಡ ಅನ್ನು. ನಿಜ ಹೇಳಿಬಿಡು."

"ಇಪ್ಪತ್ತೆಂಟು ವರ್ಷ ಆದ್ಮೇಲಾ? ಸುಳ್ಳ ಅಂತಾರೆ ಕಣೇ. ಸುಳ್ಳನ ಕತ್ತಿಗೆ ಯಾರು ಕತ್ತು ಕೊಡ್ತಾರೆ? ಅಂಗಡಿ ಮುಚ್ಬೇಕಾಗತ್ತೆ." ಪತ್ರ ಮಡಚುತ್ತ, "ನೀನಾದ್ರೂ ಹೇಳ್ಬಹುದಿತ್ತಲ್ಲ" ಎಂದ.

"ನಾನ್ಯಾಕೆ ಹೇಳ್ಲಿ? ಕೇಳಿದ್ದು ನಿನ್ನನ್ನ."

ಅದೇ ವಿಷಯ. ಒಬ್ಬರೂ ನನ್ನನ್ನು ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ. ಕೇಳಿದ್ದರೆ ಹೇಳುತ್ತಿದ್ದೆ.

ಜೂನ್ 12, ಶನಿವಾರ.

ಮನೆಯಲ್ಲಿ ಮಾತಿಲ್ಲ. ಊಟಕ್ಕೆ ಕೀಲ್ಬಾಸಾ ಸಾಸೇಜ್, ಬೇಯಿಸಿದ ಎಲೆಕೋಸು. ನಾರ್ಬ್ ಉಪ್ಪಿನ ಕಡೆ ಬೆರಳು ತೋರಿಸುತ್ತಾನೆ, ನಾನು ಮೆಣಸಿನಪುಡಿ ಕೊಡುತ್ತೇನೆ.

ಬರೆದುಬಿಡುತ್ತೇನೆ. ನನಗೆ ಆ ಫಲಕ ಬೇಕು. ಮರದ ತುಂಡು, ಅದರ ಮೇಲೆ ಹಿತ್ತಾಳೆ ತಗಡು, ಗೊತ್ತು. ಆದರೂ ಬೇಕು. ಅದರ ಮೇಲೆ ನನ್ನ ಹೆಸರಿರಬೇಕು. ಐವತ್ತೇಳು ವರ್ಷದವಳು ತಗಡಿಗೋಸ್ಕರ ಅಳುವುದೇ ಎಂದುಕೊಂಡೆ. ಅಂದುಕೊಂಡು ಅತ್ತೆ.

ಜೂನ್ 25, ಶುಕ್ರವಾರ. ಸಂಜೆ 5.

ಹದಿಮೂರು ದಿನ ಪುಸ್ತಕ ಮುಟ್ಟಿಲ್ಲ. ಎಂಜಿನ್ ಮುಟ್ಟಿದೆ, ಅದರದೇನು ತಪ್ಪು.

ಇವತ್ತು ಮುಗಿಯಿತು. ಡ್ರಿಲ್ಲಿನಿಂದ ಪಂಪ್ ತಿರುಗಿಸಿ ಆಯಿಲ್ ಮೇಲೇರಿಸಿದೆ. ಕಾರ್ಬುರೇಟರ್ ಮೂರೂ ಕೂತವು. ಕೊನೆಗೆ ಉಳಿದದ್ದು ಡಿಸ್ಟ್ರಿಬ್ಯೂಟರ್. ಎಂಟು ಪ್ಲಗ್ಗುಗಳಲ್ಲಿ ಯಾವುದಕ್ಕೆ ಯಾವಾಗ ಕಿಡಿ ಎಂದು ಹಂಚುವುದು ಅದೇ. ಒಂದನೆಯ ಪಿಸ್ಟನ್ ಮೇಲೆ ಬಂದಾಗ ಅದನ್ನು ಕೂರಿಸಬೇಕು. ತಂಟೆ ಏನೆಂದರೆ, ಪಿಸ್ಟನ್ ಮೇಲೆ ಬರುವುದು ಎರಡು ಸಲ. ಒಂದು ಸಲ ಪೆಟ್ರೋಲ್ ಗಾಳಿ ಒತ್ತಿಕೊಂಡು, ಇನ್ನೊಂದು ಸಲ ಸುಟ್ಟ ಹೊಗೆ ಹೊರದಬ್ಬಿಕೊಂಡು. ಎರಡು ಸಲವೂ ಚಕ್ರದ ಮೇಲಿನ ಗುರುತು ಸೊನ್ನೆಗೇ ನಿಲ್ಲುತ್ತದೆ. ಅದಕ್ಕೇ ಪ್ಲಗ್ ಬಿಚ್ಚಿ ಆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯುವುದು. ಗಾಳಿ ಬೆರಳನ್ನು ತಳ್ಳಿದರೆ ಅದು ಸರಿಯಾದ ಸಲ. ಇಲ್ಲವಾದರೆ ಕಿಡಿ ಪೂರ್ತಿ ಉಲ್ಟಾ. ನಾನು ಎಂದೂ ಬೆರಳು ತಪ್ಪಿಸಿದವಳಲ್ಲ.

ಗುರುತು ಸೊನ್ನೆಗೆ ಬಂತು. ಗೋಡೆಯಾಚೆ ಸ್ನಾನ ಮಾಡುತ್ತ ನಾರ್ಬ್ ಭಾಷಣ ಉರುಹೊಡೆಯುತ್ತಿದ್ದ.

"ಗೆಳೆಯರೇ, ಈ ಎರಡು ಕೈ..." ನೀರಿನ ಸದ್ದು. "ಗೆಳೆಯರೇ, ನನ್ನ ಈ ಎರಡು ಕೈ..."

ಬೆರಳೂ ಇಲ್ಲ, ಗಿರಳೂ ಇಲ್ಲ. ಡಿಸ್ಟ್ರಿಬ್ಯೂಟರ್ ಇಳಿಸಿದೆ, ಬಿಗಿದೆ, ಪಾನಾ ಮೂಲೆಗೆ ಎಸೆದೆ. ಇಷ್ಟು ವರ್ಷ ಮಾಡಿದವಳಿಗೆ ಇನ್ನೂ ಬೆರಳು ಬೇಕೆ?

ಜೂನ್ 26, ಶನಿವಾರ. ಬೆಳಿಗ್ಗೆ 7.

ಎಂಜಿನ್ ಪಿಕಪ್ಪಿನ ಹಿಂದೆ, ನಾಲ್ಕು ಪಟ್ಟಿ ಬಿಗಿದು. ಆಲೂಗಡ್ಡೆ ಸಲಾಡ್ ಮುಂದಿನ ಸೀಟಿನಲ್ಲಿ. ನಾರ್ಬ್ ನನ್ನ ಕೆಲಸದ ಏಪ್ರನ್ ಕೇಳಿದ, ಮಾತಾಡಿದ್ದು ಅದೊಂದೇ. ಇಸ್ತ್ರಿ ಮಾಡಿಕೊಟ್ಟೆ. ಅದರ ಮೇಲಿನ ಆಯಿಲ್ ಕಲೆಗಳೆಲ್ಲ ನನ್ನವು. ಅವನಿಗೆ ಚೆನ್ನಾಗಿ ಒಪ್ಪುತ್ತದೆ, ದರಿದ್ರ.

ಜೂನ್ 27, ಭಾನುವಾರ. ಚರ್ಚಿನಿಂದ ಬಂದ ಮೇಲೆ.

ನಿನ್ನೆ ಬರೆಯಲಾಗಲಿಲ್ಲ. ಈಗ ಕ್ರಮವಾಗಿ ಬರೆಯುತ್ತೇನೆ.

ನದಿ ಪಕ್ಕದ ಪಾರ್ಕು. ಸಾಲಾಗಿ ನಲವತ್ತು ಕಾರು, ಬಾನೆಟ್ ತೆರೆದುಕೊಂಡು. ನಡುವೆ ಸ್ಟ್ಯಾಂಡಿನ ಮೇಲೆ ನಮ್ಮ ಎಂಜಿನ್. ಸುತ್ತ ಗಂಡಸರು, ಮೇಪಲ್ ಮರದಡಿ ಮಡಚುವ ಕುರ್ಚಿಗಳಲ್ಲಿ ಹೆಂಗಸರು. ನಾನು ಎಂಜಿನ್ ಹತ್ತಿರ ನಿಂತಿದ್ದೆ. ಡೆಲ್ಮರ್ ಮೈಕ್ ಹಿಡಿದುಕೊಂಡೇ ಬಂದ.

"ಲಿಯೋನಾ, ಆ ಕಡೆ ನೆರಳಲ್ಲಿ ಕೂತ್ಕೊಳಮ್ಮ. ಇಲ್ಲಿ ಶಬ್ದ ಜಾಸ್ತಿ, ನಿಮಗೆಲ್ಲ ಆಗಲ್ಲ."

ಹೋಗಿ ಆರ್ವೆಲ್ಲಾ ಪಕ್ಕದಲ್ಲಿ ಕೂತೆ, ತಟ್ಟೆಗೆ ಸಲಾಡ್ ಹಾಕಿಕೊಂಡೆ. ತಿನ್ನಲಾಗಲಿಲ್ಲ.

ಡೆಲ್ಮರ್ ಫಲಕ ಎತ್ತಿ ತೋರಿಸಿದ. ಚಪ್ಪಾಳೆ. ನಾರ್ಬ್ ಮೈಕ್ ತೆಗೆದುಕೊಂಡ. "ಗೆಳೆಯರೇ, ಈ..." ಎಂದ. ನನ್ನ ಕಡೆ ನೋಡಿದ. ಎರಡು ಕೈಯ ಮಾತು ಬಾಯಿಂದ ಹೊರಡಲಿಲ್ಲ. "ಸರಿ, ಸ್ಟಾರ್ಟ್ ಮಾಡೋಣ" ಎಂದು ಎಂಜಿನ್ ಮೇಲೆ ಬಗ್ಗಿ ಗುಂಡಿ ಒತ್ತಿದ.

ಗರ್, ಗರ್, ಢಮ್.

ನಡುವಿನ ಕಾರ್ಬುರೇಟರಿನಿಂದ ಎರಡಡಿ ಬೆಂಕಿ ಎದ್ದಿತು. ನಾರ್ಬ್ ಹಿಂದಕ್ಕೆ ಹಾರಿದ. ಹೊಗೆ ತಿಳಿಯಾದಾಗ ಮೀಸೆ ಬಲಗಡೆ ಮಾತ್ರ ಇತ್ತು.

"ಅಯ್ಯೋ ದೇವ್ರೇ, ನಾರ್ಬ್ ಮೀಸೆ!" ಎಂದು ಆರ್ವೆಲ್ಲಾ ಕಿರುಚಿದಳು. ಮುಖಕ್ಕೆ ಬೇರೇನೂ ಆಗಿರಲಿಲ್ಲ, ಕೋಳಿ ಪುಕ್ಕ ಸುಟ್ಟ ವಾಸನೆ ಅಷ್ಟೇ.

"ಪೆಟ್ರೋಲ್ ಜಾಸ್ತಿ ಆಯ್ತು" ಎಂದನೊಬ್ಬ. "ವೈರ್ ಅದಲುಬದಲು" ಎಂದ ಇನ್ನೊಬ್ಬ. "ಇನ್ನೊಂದ್ಸಲ ಒತ್ತಯ್ಯಾ" ಎಂದ ಡೆಲ್ಮರ್. ನಾರ್ಬ್ ಒತ್ತಿದ. ಗರ್ ಗರ್ ಗರ್, ಢಮ್. ಮತ್ತೆ ಒತ್ತಿದ.

ನನಗೆ ಮೊದಲ ಢಮ್‌ಗೇ ಗೊತ್ತಾಗಿತ್ತು. ಹೆಬ್ಬೆರಳು. ನಾನು ಇಡದ ಹೆಬ್ಬೆರಳು. ಕಿಡಿ ಹೊಗೆಯ ಸಲದಲ್ಲಿ ಬೀಳುತ್ತಿದೆ. ಗುಂಡಿ ಒತ್ತಿದ ಪ್ರತಿ ಸಲವೂ ಕ್ಯಾಮಿನ ಪೇಸ್ಟ್ ಒರೆಸಿಹೋಗುತ್ತಿದೆ, ನನ್ನ ಎಂಜಿನ್ ಒಳಗೊಳಗೇ ಸಾಯುತ್ತಿದೆ. ಎದ್ದು, ನಿಲ್ಲಿಸು ಎಂದರೆ ನಾರ್ಬ್‌ನ ಮಾನ ಹೋಗುತ್ತದೆ, ಕೂತರೆ ಎಂಜಿನ್ ಹೋಗುತ್ತದೆ. ಫೋರ್ಕ್ ಹಿಡಿದುಕೊಂಡು ಕೂತೇ ಇದ್ದೆ.

ಆಗ ನಾರ್ಬ್ ಮೈಕ್ ಎತ್ತಿಕೊಂಡ.

"ಗೆಳೆಯರೇ, ಎಂಜಿನ್ ಬಗ್ಗೆ ಯಾರೂ ಏನೂ ಅನ್ಬೇಡಿ. ಎಂಜಿನ್ ಚಿನ್ನದಂಥದ್ದು. ತಪ್ಪು ನನ್ನದು. ನಾನೇ ಏನೋ ಉಲ್ಟಾ ಜೋಡಿಸ್ಬಿಟ್ಟಿದೀನಿ. ನನ್ನ ಕೈಯಿಂದ್ಲೇ ಆಗಿದ್ದು."

ಇಪ್ಪತ್ತೆಂಟು ವರ್ಷ ನನ್ನ ಹೊಗಳಿಕೆಯನ್ನೆಲ್ಲ ತಿಂದ, ಸಹಿಸಿಕೊಂಡೆ. ಈಗ ನನ್ನ ತಪ್ಪನ್ನೂ ತಿನ್ನುತ್ತಾನೆಯೇ? ತಟ್ಟೆ ಕೆಳಗೆ ಬಿತ್ತು.

"ಅವನಲ್ಲ! ತಪ್ಪು ನನ್ನದು!"

ತಲೆಗಳೆಲ್ಲ ತಿರುಗಿದವು. ಡೆಲ್ಮರ್ ನಕ್ಕ. "ಪಾಪ, ನೋಡ್ರಪ್ಪಾ, ಗಂಡನ್ನ ಎಲ್ಲೂ ಬಿಟ್ಕೊಡಲ್ಲ."

"ಬಿಟ್ಕೊಡೋ ಮಾತಲ್ಲ ಡೆಲ್ಮರ್! ಡಿಸ್ಟ್ರಿಬ್ಯೂಟರ್ ಉಲ್ಟಾ ಕೂತಿದೆ. ಹಾಗೆ ಉಲ್ಟಾ ಕೂರಿಸ್ಬೇಕಾದ್ರೆ ಮೊದ್ಲು ಕೂರಿಸೋಕೆ ಬರ್ಬೇಕು. ಅವನಿಗೆ ಈ ತಪ್ಪು ಮಾಡೋಕೂ ಬರಲ್ಲ! ಅದು ಎಲ್ಲಿದೆ ಅಂತ ಕೇಳಿ ಅವನನ್ನ. ಕೇಳಿ!"

ಡೆಲ್ಮರ್ ಕೇಳಿದ. ನಾರ್ಬ್ ಎಂಜಿನ್ ನೋಡಿದ, ನನ್ನನ್ನು ನೋಡಿದ. ನಿಧಾನವಾಗಿ ಬೆರಳು ಚಾಚಿ ಆಯಿಲ್ ಫಿಲ್ಟರ್ ತೋರಿಸಿದ.

ಗುಂಪು ಎರಡು ಹೆಜ್ಜೆ ಸರಿದು ನನಗೆ ದಾರಿ ಬಿಟ್ಟಿತು.

ನಡೆದು ಹೋದೆ. ಪ್ಲಗ್ ಬಿಚ್ಚಿದೆ, ಹೆಬ್ಬೆರಳು ಒತ್ತಿದೆ, ಚಕ್ರ ತಿರುಗಿಸಿದೆ. ಗಾಳಿ ಫುಸ್ಸೆಂದು ತಳ್ಳಿತು. ಡಿಸ್ಟ್ರಿಬ್ಯೂಟರ್ ಎತ್ತಿ ಅರ್ಧ ಸುತ್ತು ತಿರುಗಿಸಿ ಕೂರಿಸಿದೆ. "ಬಟ್ಟೆ ಕೊಳೆ ಆಗತ್ತಮ್ಮಾ" ಎಂದ ಡೆಲ್ಮರ್, ಬಾಯಿಗೆ ಬಂದದ್ದು ಅಷ್ಟೇ ಇರಬೇಕು. ಗುಂಡಿ ಒತ್ತಿದೆ. ಅರ್ಧ ಸುತ್ತಿಗೇ ಹತ್ತಿಕೊಂಡಿತು.

ಸೈಲೆನ್ಸರ್ ಇಲ್ಲ, ಎಂಟು ಬರಿಯ ಕೊಳವೆ. ಇಪ್ಪತ್ತು ನಿಮಿಷ. ನಿಲ್ಲಿಸುವ ಹಾಗಿಲ್ಲ, ಇಳಿಸುವ ಹಾಗಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವ ಹಾಗೂ ಇಲ್ಲ. ಅಷ್ಟು ದೊಡ್ಡ ಗುಟ್ಟು ಹೊರಬಿದ್ದಿದೆ, ಒಬ್ಬನೂ ತುಟಿ ಬಿಚ್ಚಲಾರ! ಎಲ್ಲರೂ ಕಿವಿ ಮುಚ್ಚಿಕೊಂಡು ನನ್ನನ್ನು ನೋಡುವುದು, ನಾರ್ಬ್‌ನನ್ನು ನೋಡುವುದು, ಮತ್ತೆ ನನ್ನನ್ನು ನೋಡುವುದು. ಐದನೆಯ ನಿಮಿಷಕ್ಕೆ ಆರ್ವೆಲ್ಲಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಸದ್ದಿಲ್ಲದೆ. ಡೆಲ್ಮರ್ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದ. ಹತ್ತನೆಯ ನಿಮಿಷಕ್ಕೆ ನಾರ್ಬ್ ನನ್ನ ಹಿಂದೆ ಬಂದ. ಏಪ್ರನ್ ಬಿಚ್ಚಿ, ಎಕ್ಸಲರೇಟರ್ ಹಿಡಿದಿದ್ದ ನನ್ನ ಕೈ ಅಲ್ಲಾಡದ ಹಾಗೆ, ನನ್ನ ಕೊರಳಿಗೆ ಹಾಕಿ ಹಿಂದೆ ಗಂಟು ಕಟ್ಟಿದ. ದಿನಕ್ಕೆ ಮೂವತ್ತು ಜನರಿಗೆ ಬಟ್ಟೆ ಕಟ್ಟುವ ಕೈ ಅದು. ಆಗ ನನಗೆ ಕಣ್ಣು ಮಂಜಾಯಿತು. ಗಡಿಯಾರ ಕಾಣಲಿಲ್ಲ, ಒಂದೆರಡು ನಿಮಿಷ ಹೆಚ್ಚೇ ಓಡಿಸಿದೆ ಎಂದು ಕಾಣುತ್ತದೆ.

ನಿಲ್ಲಿಸಿದೆ. ಡೆಲ್ಮರ್ ಹತ್ತಿರ ಬಂದ.

"ಲಿಯೋನಾ... ಮೊನ್ನೆ ನನ್ನ ಪೆಟ್ರೋಲ್ ಪೈಪ್?"

"ನಾನೇ."

"ಎಂಬತ್ತೆಂಟರಲ್ಲಿ ಹಿಂದಿನ ಸೀಲ್ ಸೋರ್ತಿದ್ದಿದ್ದು?"

"ಅದೂ ನಾನೇ."

"ಮತ್ತೆ ನಾನು ಇಷ್ಟು ವರ್ಷ ಇವನ ಹತ್ರ ಹೋಗಿದ್ದು..."

"ಕೂದಲು ಅವನೇ ಕತ್ತರಿಸಿದ್ದು. ಅದ್ರಲ್ಲಿ ಸುಳ್ಳಿಲ್ಲ."

ವಾಪಸು ಬರುವಾಗ ಪಿಕಪ್ಪಿನಲ್ಲಿ ಕೇಳಿದೆ, ಹದಿನೆಂಟು ದಿನದ ಮೇಲೆ ಮೊದಲ ಪೂರ್ತಿ ವಾಕ್ಯ.

"ತಪ್ಪು ನಂದು ಅಂತ ಯಾಕಂದೆ ನೀನು?"

"ಹೊಗಳಿದ್ದೆಲ್ಲ ನಾನು ತಿಂದೆ. ಬೈಗುಳ ಬಂದಾಗ ನಿನ್ನನ್ನ ಮುಂದೆ ತಳ್ಳೋಕಾಗತ್ತಾ ಲೀ?"

ಅರ್ಧ ಮೀಸೆಯ ಮುಖ ನೋಡಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಖಾಲಿ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಎರಡನ್ನೂ ಮಾಡಿದೆ.

ಜೂನ್ 29, ಮಂಗಳವಾರ.

ನಾರ್ಬ್ ಮೀಸೆ ಪೂರ್ತಿ ತೆಗೆದ. ಮೂವತ್ತು ವರ್ಷದಿಂದ ನೋಡದ ತುಟಿ. ತೆಳ್ಳಗಿದೆ.

ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಹೆದರಿದ್ದ. ಬೆಳಿಗ್ಗೆ ಎಂಟಕ್ಕೆ ಬಾಗಿಲಲ್ಲಿ ಹನ್ನೊಂದು ಜನ. ಬೋಳು ತಲೆಯವರೂ ಬಂದಿದ್ದರಂತೆ. "ನಾರ್ಬ್, ಕತ್ತರಿನಾದ್ರೂ ನೀನೇ ಹಿಡೀತೀಯಾ, ಇಲ್ಲ ಲಿಯೋನಾ ಪರದೆ ಹಿಂದೆ ಇದಾಳಾ?" ಎಂದು ಕೇಳಿ ಕೇಳಿ ನಗುವುದು. ಇವನೂ ನಕ್ಕನಂತೆ. ಸಂಜೆ ಮನೆಗೆ ಬಂದಾಗ ಹಗುರಾಗಿದ್ದ, ಭಾರ ಇಳಿಸಿದವನ ಹಾಗೆ. ನನಗೊಬ್ಬಳಿಗೇ ಕಷ್ಟ ಎಂದುಕೊಂಡಿದ್ದೆ ಇಷ್ಟು ದಿನ.

ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿದೆ. ಲೋಹದ ಪುಡಿ ಇಲ್ಲ. ಆದರೂ ಕ್ಯಾಮ್ ಕಣ್ಣಾರೆ ನೋಡುವ ತನಕ ನನಗೆ ನೆಮ್ಮದಿ ಇಲ್ಲ.

ಜುಲೈ 2, ಶುಕ್ರವಾರ.

ಫಲಕ ನನಗೆ ಕೊಡಲು ಆಗುವುದಿಲ್ಲವಂತೆ. ಕ್ಲಬ್ಬಿನ ನಿಯಮ: ಸದಸ್ಯರಿಗೆ ಮಾತ್ರ. ಹೆಂಡತಿಯರು ಸದಸ್ಯರಲ್ಲ, 'ಸಹಕಾರಿಗಳು'. ಡೆಲ್ಮರ್ ಬಾಗಿಲಲ್ಲಿ ಟೋಪಿ ತಿರುಗಿಸುತ್ತ ನಿಂತು ಹೇಳಿದ. ಹಿಂದೆ ಕಾರಿನಲ್ಲಿ ಆರ್ವೆಲ್ಲಾ ಕೂತಿದ್ದಳು. ಕಿಟಕಿ ಇಳಿಸಿ ಕೂಗಿದಳು.

"ಮುಂದಿನ ಪಿಕ್ನಿಕ್ಕಿಗೆ ಆಲೂಗಡ್ಡೆ ನೀವೇ ಬೇಯಿಸ್ಕೊಳ್ಳಿ ಅಂತ ಹೇಳಿದೀವಿ ಲಿಯೋನಾ! ಹೆಂಗಸರೆಲ್ಲ ಸೇರಿ!"

"ನಾಳೆ ನಿಯಮ ಬದಲಾಗತ್ತೆ" ಎಂದ ಡೆಲ್ಮರ್, ಸಣ್ಣ ದನಿಯಲ್ಲಿ.

ಜುಲೈ 4, ಭಾನುವಾರ.

ಬದಲಾಯಿತು. ವಿರೋಧ ಒಂದೂ ಇಲ್ಲ. ಫಲಕ ಬಂತು, ತಗಡು ಹೊಸದು, ಹೆಸರು ನನ್ನದು. ಅಡುಗೆಮನೆಯಲ್ಲಿ ಗಡಿಯಾರದ ಕೆಳಗೆ ನಾರ್ಬ್ ಮೊಳೆ ಹೊಡೆದ. ಸೊಟ್ಟಗಿದೆ. ಇರಲಿ. ಬೆಳಿಗ್ಗೆಯಿಂದ ಆರು ಸಲ ಹೋಗಿ ನೋಡಿದೆ.

ಜುಲೈ 10, ಶನಿವಾರ. ಮಧ್ಯಾಹ್ನ 3.

ಹೆಸರು ಬಂದ ಮೇಲೆ ನೆಮ್ಮದಿ ಹೋಗಿದೆ. ಚೀಟಿಗಳಿದ್ದಾಗ ವಾರಕ್ಕೆರಡು ಪ್ರಶ್ನೆ. ಈಗ ಊಟಕ್ಕೆ ಕೂತರೆ ಫೋನು, ಸ್ನಾನಕ್ಕೆ ಹೋದರೆ ಫೋನು. ನಾರ್ಬ್ ಎತ್ತಿಕೊಂಡು "ಒಂದ್ನಿಮಿಷ ಇರಿ, ಮೇಡಂ ಎಂಜಿನ್ ಕೆಳಗಿದಾರೆ" ಎನ್ನುತ್ತಾನೆ. ಅದರಲ್ಲೂ ಅವನಿಗೆ ಒಂದು ಗತ್ತು.

ಕಾರ್ಬುರೇಟರ್ ಕೂರುವ ಮೇಲಿನ ಮ್ಯಾನಿಫೋಲ್ಡ್ ಬಿಚ್ಚಿ ಕ್ಯಾಮ್ ನೋಡಿದೆ. ಹದಿನಾರು ಉಬ್ಬೂ ಕನ್ನಡಿಯ ಹಾಗಿವೆ. ಬದುಕಿತು. ವಾಪಸು ಜೋಡಿಸುವಾಗ ನಾರ್ಬ್ ಬಂದು ಪಕ್ಕದಲ್ಲಿ ನಿಂತ, ಬಿಯರ್ ಇಲ್ಲದೆ.

"ಲೀ, ಒಂದೇ ಒಂದು ಬೋಲ್ಟ್ ನಾನು ಬಿಗೀಲಾ? ಒಂದಾದ್ರೂ ನಿಜವಾಗ್ಲೂ ನಾನು ಮಾಡಿದ್ದು ಅಂತ ಇರ್ಲಿ."

ಇದನ್ನು ಕೇಳಿ ಯಾರಿಗೆ ತಾನೇ ಇಲ್ಲ ಎನ್ನಲಾಗುತ್ತದೆ? ಬಿಗಿ ಅಳೆಯುವ ಟಾರ್ಕ್ ರೆಂಚ್ ಕೊಟ್ಟೆ. ಟಕ್ ಎಂದ ತಕ್ಷಣ ನಿಲ್ಲಿಸು, ಅಷ್ಟೇ ಕೆಲಸ, ಎಂದೆ. ಟಕ್ ಎಂದಿತು. "ಇನ್ನೊಂಚೂರು ಇರ್ಲಿ, ಗಟ್ಟಿಯಾಗಿ" ಎಂದ. ನಾನು ಬೇಡ ಎನ್ನುವಷ್ಟರಲ್ಲಿ ಎರಡನೆಯ ಸದ್ದು ಬಂತು. ಅದು ಟಕ್ ಅಲ್ಲ.

ಬೋಲ್ಟ್ ಏಳು — ಮುರಿದಿದೆ, ತಲೆ ಹೊರಗೆ, ದೇಹ ಎಂಜಿನ್ನಿನೊಳಗೆ. ಕೊರೆದು ತೆಗೆಯಬೇಕು, ಇಡೀ ಭಾನುವಾರದ ಕೆಲಸ. ಮುರಿದವನು: ನಾರ್ಬ್. ಪುಸ್ತಕದ ಕೆಲಸದ ಸಾಲಿನಲ್ಲಿ ಅವನ ಹೆಸರು ಬರೆದದ್ದು ಇದೇ ಮೊದಲು. ತೋರಿಸಿದೆ ಕೂಡ. "ನಿಜವಾಗ್ಲೂ ನಂದೇ" ಎಂದು ಹೆಮ್ಮೆಪಟ್ಟುಕೊಂಡ. ಬೈಯಲಿಲ್ಲ ನಾನು. ಪಾಪ ಎನಿಸಿತು.

ಡೆಲ್ಮರ್‌ನ ಫೋನು. ನಾರ್ಬ್ ಒಳಗೆ ಎತ್ತಿಕೊಂಡಿದ್ದಾನೆ, ಇಲ್ಲಿಗೂ ಕೇಳಿಸುತ್ತಿದೆ. "ಏನಿಲ್ಲ ಕಣೋ, ಕೆಲಸ ನಡೀತಿದೆ... ಹೂಂ... ಒಂದು ಬೋಲ್ಟ್ ಮುರೀತು ಅಷ್ಟೇ... ಇನ್ಯಾರು? ನಾನೆಲ್ಲಿ ಮುಟ್ತೀನಪ್ಪ ಎಂಜಿನ್ನ, ನಿನಗೇ ಗೊತ್ತಲ್ಲ. ಲಿಯೋನಾನೇ. ಪಾಪ, ವಯಸ್ಸಾಯ್ತು ನೋಡು, ಕೈ ಸ್ವಲ್ಪ..."

ಏನಂದ? ವಯಸ್ಸಾ? ನಾರ್ಬ್! ಇಡೋ ಆ ಫೋ—